ಬಲಗಡೆ ಬಂಡೆಯಿರುವ ದಾರಿ

ಫೊಯರ್‌ಬಾಕ್
14 ಜನವರಿ 2025

ಸಿದ್ದಲಿಂಗೇಶ,

ನಾನು ಮಹಾಂತಮ್ಮ. ಹುಬ್ಬಳ್ಳಿಯ ಮಲ್ಲಿಕಾರ್ಜುನ ಟ್ರಾನ್ಸ್‌ಪೋರ್ಟಿನ ಒಡತಿ, ಮೆಟ್ರಿಕ್ ಪಾಸಾದವಳು. ನಿನ್ನ ಅಪ್ಪ ಅರಬೈಲ್ ಘಾಟಿನಲ್ಲಿ ಲಾರಿಯ ಜೊತೆ ಹೋದಾಗ ನನಗೆ ನಲವತ್ತು. ಉಳಿದ ಎರಡು ಲಾರಿಗಳನ್ನು ಆರು ಮಾಡಿದೆ. ನಿನ್ನನ್ನು ಎಂಜಿನಿಯರ್ ಮಾಡಿದೆ. ಜರ್ಮನಿಯ ಈ ಊರಿಗೆ ಬಂದು ಹದಿನಾರು ವರ್ಷವಾಯಿತು. ಇಲ್ಲಿನ ಕನ್ನಡದವರು ಹೊಸ ಕಾರು ತಂದರೆ ಇವತ್ತಿಗೂ ಚಕ್ರದ ಕೆಳಗೆ ನಿಂಬೆಹಣ್ಣು ಇಡಲು ನನ್ನನ್ನೇ ಕರೆಯುತ್ತಾರೆ.

ಇದೆಲ್ಲ ನಿನಗೆ ಹೇಳಬೇಕಾದ ಮಾತಲ್ಲ. ಆದರೆ ಐದನೆಯ ತಾರೀಕು ನೀನು ಮೆಟ್ಟಿಲ ಮೇಲೆ ನಿಂತು, "ಅವ್ವಾ, ಆ ದೇಶದ ರಸ್ತಿ ನಿನಗೇನ್ ಗೊತ್ತೈತಿ? ಸುಮ್ನ ಮನ್ಯಾಗ ಕುಂದ್ರು" ಎಂದೆ. ಕೆಳಗಿನ ಮನೆಯ ಜರ್ಮನ್ ಮುದುಕಿ ಬಾಗಿಲಲ್ಲೇ ಇದ್ದಳು. ಅವಳಿಗೆ ಕನ್ನಡ ಬರುವುದಿಲ್ಲ, ದನಿ ತಿಳಿಯುತ್ತದೆ.

ನೀನು ತೆಗೆದುಕೊಂಡು ಹೋದ ಗಾಡಿಯನ್ನು ವೋನ್‌ಮೊಬಿಲ್ ಎನ್ನು. ಒಳಗೆ ಅಡುಗೆಮನೆ ಇರಲಿ, ಬಚ್ಚಲಿರಲಿ, ಹಾಸಿಗೆ ಇರಲಿ. ಏಳೂವರೆ ಟನ್ ತೂಗುವುದು ನನ್ನ ಲೆಕ್ಕದಲ್ಲಿ ಲಾರಿ. ನಮ್ಮ ಮನೆಯ ಎಲ್ಲ ಗಾಡಿಗಳಂತೆ ಅದೂ ನನ್ನ ಹೆಸರಿನಲ್ಲಿದೆ. ನಮ್ಮ ಮನೆಯ ಗಾಡಿ ನನ್ನ ಮಾತಿಲ್ಲದೆ ಘಾಟ್ ಹತ್ತುವುದಿಲ್ಲ. ಕಂಪನಿ ನಿನ್ನನ್ನು ಬೇಗ ಮನೆಗೆ ಕಳಿಸಿತು, ಮೊರಾಕ್ಕೊದ ಮರುಭೂಮಿ ನೋಡುವ ಆಸೆ ನಿನಗೆ ಬಂತು, ಬೇಡವೆನ್ನಲಿಲ್ಲ. ಮರಳಿನಲ್ಲಿ ಎಷ್ಟು ಬೇಕಾದರೂ ಓಡಾಡು. ಆದರೆ ಸಮುದ್ರದ ಕಡೆ ಹೋಗಲು ಬೆಟ್ಟ ದಾಟಬೇಕು. ಯಾವ ಬೆಟ್ಟ, ಯಾವ ರಸ್ತೆ ಎಂದು ನನಗೆ ಬರೆದು ತಿಳಿಸಬೇಕು.

ಫೋನಿನಲ್ಲಿ ನೀನು "ನೆಟ್‌ವರ್ಕ್ ಇಲ್ಲ" ಎಂದು ಇಟ್ಟುಬಿಡುತ್ತೀ. ಅದಕ್ಕೆ ಕಾಗದ. ಬರೆದದ್ದನ್ನು ಸಂಜನಾ ಫೋಟೊ ತೆಗೆದು ಕಳಿಸುತ್ತಾಳೆ. ನೀನೂ ಬರೆದು ಹಾಗೆಯೇ ಕಳಿಸು. ನಿನ್ನ ಮಗಳಿಗೆ ಕನ್ನಡ ಓದಲು ಬರುವುದಿಲ್ಲ. ಆ ನಾಚಿಕೆಗೇಡಿನಿಂದ ಒಂದು ಲಾಭ: ನಮ್ಮ ಮಾತು ನಮ್ಮಲ್ಲೇ ಉಳಿಯುತ್ತದೆ.

ಇವತ್ತು ಸಂಕ್ರಾಂತಿ. ಎಳ್ಳುಬೆಲ್ಲ ಡಬ್ಬಿಯಲ್ಲಿ ಎತ್ತಿಟ್ಟಿದ್ದೇನೆ. ಸೊಸೆ ಪವಿಗೂ ತಿಳಿಸು.

ಅವ್ವ


ಮರ್ಜೂಗಾ
22 ಜನವರಿ 2025

ಅವ್ವನ ಪಾದಕ್ಕೆ,

ನಿನ್ನ ಕಾಗದ ಓದಿ ಪವಿ ಎಷ್ಟು ನಕ್ಕಳೆಂದರೆ ಚಹಾ ಚೆಲ್ಲಿದಳು. "ಅತ್ತಿ ಅಲ್ಲಿಂದಾನೇ ಹಾರ್ನ್ ಹೊಡದ್ರು ನೋಡ್ರಿ" ಅಂದಳು. ಮೆಟ್ಟಿಲ ಮೇಲಿನ ಮಾತಿಗೆ ತಪ್ಪಾಯಿತು.

ಮರಳು ಅಂದರೆ ಹೀಗಿರುತ್ತದೆಂದು ಗೊತ್ತಿರಲಿಲ್ಲ. ಬೆಳಿಗ್ಗೆ ಗೋಧಿಹಿಟ್ಟಿನ ಬಣ್ಣ, ಸಂಜೆ ಕೆಂಪು. ಕ್ಯಾಂಪಿನಲ್ಲಿ ಇಪ್ಪತ್ತು ಜರ್ಮನ್ ಗಾಡಿಗಳಿವೆ, ಎಲ್ಲ ನಮ್ಮಂಥ ನಿವೃತ್ತರದು. ಹ್ಯಾನೋವರಿನ ಒಬ್ಬ ಮುದುಕ ದಿನಾ ಬಂದು ನಮ್ಮ ಉಪ್ಪಿಟ್ಟು ತಿಂದು ಹೋಗುತ್ತಾನೆ.

ಗಾಡಿ ಚೆನ್ನಾಗಿದೆ. ಫೆಸ್ ಊರಿನ ಓಣಿಯಲ್ಲಿ ಬಲಗಡೆಯ ಕನ್ನಡಿ ಗೋಡೆಗೆ ಬಡಿದು ಹೋಯಿತು, ಬೇರೆ ಹಾಕಿಸಿದೆ. ಅಂದಿನಿಂದ ಪವಿ ನನ್ನ ಕ್ಲೀನರ್ ಆಗಿದ್ದಾಳೆ. ನಮ್ಮ ಲಾರಿಗಳಲ್ಲಿ ಬಾಗಿಲು ಬಡಿಯುತ್ತಿದ್ದರಲ್ಲ, ಒಂದು ಬಡಿತಕ್ಕೆ ಹೋಗು, ಎರಡಕ್ಕೆ ನಿಲ್ಲು, ಅದನ್ನು ಕಲಿಸಿಕೊಟ್ಟೆ. ನಲವತ್ತೆಂಟನೇ ವಯಸ್ಸಿನಲ್ಲಿ ಹೊಸ ನೌಕರಿ, ಸಂಬಳ ಇಲ್ಲ ಎಂದು ಬೈಯುತ್ತಾಳೆ.

ಈಗ ನಿನ್ನ ಪ್ರಶ್ನೆಗೆ. ಮರುಭೂಮಿಯ ಅಂಚಿನಲ್ಲೇ ಪಶ್ಚಿಮಕ್ಕೆ ಹೋಗಿ ತಾಟಾ ಎಂಬ ಊರು ಸೇರುತ್ತೇವೆ. ಅಲ್ಲಿಂದ ಬೆಟ್ಟ ಹತ್ತಿ ತಫ್ರಾವ್ತ್, ಆಮೇಲೆ ಇಳಿದು ಅಗಾದಿರ್, ಸಮುದ್ರ. ಬೆಟ್ಟಕ್ಕೆ ಮೂರು ದಾರಿಗಳಿವೆ. ನೀನೇ ಆರಿಸು. ಒಂದೇ ಬೇಡಿಕೆ: ಬಂಡೆ ನಮ್ಮ ಬಲಗಡೆ ಇರಬೇಕು, ಕಣಿವೆ ಎಡಗಡೆ. ಬಲಗಡೆ ಕೂರುವವಳು ಪವಿ. ಆಳ ಕಂಡರೆ ಅವಳಿಗೆ ತಲೆ ಸುತ್ತುತ್ತದೆ.

ನಿನ್ನ ಸಿದ್ದು


ಫೊಯರ್‌ಬಾಕ್
30 ಜನವರಿ 2025

ಸಿದ್ದು,

ಕೇಳಿದೆಯಲ್ಲ, ಸಂತೋಷ. ಕೇಳಬೇಕಾದವರನ್ನೇ ಕೇಳಿದೆ.

ಎಂಟು ದಿನ ಇದೇ ಕೆಲಸ ಮಾಡಿದೆ. ಸಂಜನಾ ತನ್ನ ಕಂಪ್ಯೂಟರಿನಲ್ಲಿ ಮೂರೂ ರಸ್ತೆಗಳ ಚಿತ್ರ ತೋರಿಸಿದಳು. ತಿರುವು ತಿರುವಿಗೆ ನಿಲ್ಲಿಸಿ ನೋಡಿದೆ. "ಆಯೀ, ನನ್ನ ಪರೀಕ್ಷೆ ಐತಿ" ಎಂದು ಅತ್ತಳು. ನನ್ನದೂ ಪರೀಕ್ಷೆಯೇ ಎಂದೆ.

ಮೊದಲನೆಯದು ಖರ್ಜೂರದ ತೋಪುಗಳ ಕಮರಿಯಲ್ಲಿ ಹೋಗುತ್ತದೆ. ನೋಡಲು ಚೆಂದ. ಎರಡು ಗೋಡೆಗಳ ನಡುವೆ ನಿನ್ನ ಗಾಡಿ ಬಾಟಲಿಯ ಬಿರಡೆಯ ಹಾಗೆ ಕೂತುಬಿಡುತ್ತದೆ, ಎದುರಿಗೆ ಕತ್ತೆ ಬಂದರೂ ಹಿಂದೆ ಸರಿಯಲಾರೆ. ಅದು ಬೇಡ. ಎರಡನೆಯದು ಹತ್ತಿರದ ದಾರಿ. ನಾಲ್ಕು ಕಡೆ ಡಾಂಬರಿನ ಅಂಚು ಕುಸಿದಿದೆ, ಕಣಿವೆ ನಿನ್ನ ಬಲಗಡೆಗೇ ಬರುತ್ತದೆ. ಅದೂ ಬೇಡ. ಮೂರನೆಯದು ಅರವತ್ತು ಕಿಲೋಮೀಟರ್ ಸುತ್ತು. ಆದರೆ ಹತ್ತುವಾಗಲೂ ಇಳಿಯುವಾಗಲೂ ಹೆಚ್ಚಿನ ಕಡೆ ಬಂಡೆ ಬಲಕ್ಕೆ. ಎದುರಿನವರಿಗೆ ಕಣಿವೆ, ನಿನಗೆ ಗೋಡೆ. ಇನ್ನೊಂದು ಗುರುತು ನೋಡಿದೆ: ಆ ರಸ್ತೆಯಲ್ಲಿ ದೊಡ್ಡ ಬಸ್ಸು ನಿಂತ ಚಿತ್ರವಿತ್ತು. ಬಸ್ಸು ತಿರುಗುವ ಕಡೆ ನೀನೂ ತಿರುಗುತ್ತೀ. ಮೂರನೆಯದರಲ್ಲೇ ಹೋಗು.

ಹತ್ತಿದ ಗೇರಿನಲ್ಲೇ ಇಳಿ. ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಕೂರಬೇಡ. ನೀರಿನ ಟ್ಯಾಂಕು ತುಂಬಿಸಿ ಹತ್ತಬೇಡ, ಅರ್ಧ ಸಾಕು, ಮೇಲೆಯೂ ನೀರು ಸಿಗುತ್ತದೆ. ಮುಂಜಾನೆ ಸೂರ್ಯ ಕಣ್ಣಿಗೆ ಹೊಡೆಯುವ ಹೊತ್ತಿನಲ್ಲಿ ತಿರುವು ತೆಗೆದುಕೊಳ್ಳಬೇಡ.

ಪವಿಗೆ ತಲೆ ಸುತ್ತುತ್ತದೆ ಎಂದೆ. ಮದುವೆಯಾದ ಹೊಸದರಲ್ಲಿ ಯಾಣದ ಬಂಡೆ ಹತ್ತಿ ನಿಂತು ನನ್ನನ್ನೇ "ಬರ್ರಿ ಅತ್ತಿ, ಏನ್ ಆಗೂದಿಲ್ಲ" ಎಂದು ಕರೆದವಳು ಅವಳು. ಜರ್ಮನಿಯ ಲಿಫ್ಟಿನಲ್ಲಿ ಓಡಾಡಿ ಮೆತ್ತಗಾಗಿದ್ದಾಳೆ ಎಂದು ತೋರುತ್ತದೆ. ಕಣ್ಣು ಮುಚ್ಚಿಕೊಂಡು ಕೂರಲು ಹೇಳು.

ಅವ್ವ


ಫೂಮ್ ಜಗೀದ್
8 ಫೆಬ್ರುವರಿ 2025

ಅವ್ವ,

ಮೂರನೆಯ ದಾರಿಯೇ. ನಿನ್ನ ಕಾಗದವನ್ನು ಸ್ಟೀರಿಂಗಿನ ಮೇಲೆ ಅಂಟಿಸಿದ್ದೇನೆ.

ಇಲ್ಲಿ ಮರಳೂ ಇಲ್ಲ, ಬೆಟ್ಟವೂ ಇಲ್ಲ, ಕರಿ ಕಲ್ಲಿನ ಬಯಲು. ನೂರು ಕಿಲೋಮೀಟರಿಗೆ ಒಂದು ತಿರುವು. ಹಾಗಾದರೂ ಪವಿ ಬಡಿಯುವುದನ್ನು ಬಿಡುವುದಿಲ್ಲ, ಅಭ್ಯಾಸವಾಗಿಬಿಟ್ಟಿದೆ. ಒಂಟೆ ಬಂದರೆ ಬಡಿತ, ಸೈಕಲ್ ಬಂದರೆ ಬಡಿತ. ಕೈಗೆ ಬೊಬ್ಬೆ ಬಂದಿದೆ ಎಂದು ಮೊನ್ನೆ ಬಟ್ಟೆ ಸುತ್ತಿಕೊಂಡಳು.

ಜಗೋರಾದಲ್ಲಿ ಕನ್ನಡಿ ಇನ್ನೊಮ್ಮೆ ಹೋಯಿತು. ಮರುಭೂಮಿಯಲ್ಲಿ ಇದ್ದ ಒಂದೇ ಖರ್ಜೂರದ ಮರ ನನ್ನ ದಾರಿಗೇ ಬರಬೇಕೆ! ಬಾಗಿಲಿನಿಂದ ಹಿಂದಿನ ಚಕ್ರದವರೆಗೆ ಒಂದು ಗೀರು ಬಿದ್ದಿದೆ, ಬಣ್ಣ ಬಳಿದರೆ ಹೋಗುತ್ತದೆ. ಮಧ್ಯಾಹ್ನ ಮೂರರ ಮೇಲೆ ಓಡಿಸುವುದಿಲ್ಲ. ನೀನು ಹೇಳಿದ ಹಾಗೆ ಹುಷಾರಾಗಿದ್ದೇನೆ.

ಸಿದ್ದು


ಫೊಯರ್‌ಬಾಕ್
15 ಫೆಬ್ರುವರಿ 2025

ಸಿದ್ದಲಿಂಗೇಶ,

ಮೂರು ಮಾತು ಕೇಳುತ್ತೇನೆ, ಮೂರಕ್ಕೂ ಉತ್ತರ ಬೇಕು.

ಕನ್ನಡಿ ಎರಡು ಸಲವೂ ಬಲಗಡೆಯದೇ ಹೋಯಿತೇ? ಗೀರು ಬಿದ್ದದ್ದೂ ಬಲಗಡೆಯೇ? ತಿರುವೇ ಇಲ್ಲದ ರಸ್ತೆಯಲ್ಲಿ, ಹಗಲು ಹೊತ್ತಿನಲ್ಲಿ, ಒಂಟೆಯಷ್ಟು ದೊಡ್ಡ ಪ್ರಾಣಿ ಬರುವುದನ್ನು ತೋರಿಸಲು ನಿನ್ನ ಹೆಂಡತಿ ಬಾಗಿಲು ಯಾಕೆ ಬಡಿಯಬೇಕು?

ಪವಿಯ ಕೈಯಿಂದ ಒಂದು ಸಾಲು ಬರೆಸು.

ನಿನ್ನ ಹೆಸರಿಗೆ ಒಂದು ಹಳದಿ ಲಕೋಟೆ ಬಂದಿದೆ. ಅಂಚೆಯವನು ತಾರೀಕು ಬರೆದು ಪೆಟ್ಟಿಗೆಗೆ ಹಾಕಿ ಹೋದ. ಸರಕಾರದ್ದು. ತೆರೆಯಲೇ?

ಅವ್ವ


ತಾಟಾ
19 ಫೆಬ್ರುವರಿ 2025

ಅವ್ವ,

ಲಕೋಟೆ ತೆರೆಯಬೇಡ. ಯಾವುದೋ ಪಾರ್ಕಿಂಗ್ ದಂಡ ಇರಬೇಕು, ಬಂದು ನೋಡುತ್ತೇನೆ. ಬಲಗಡೆಯದೇ ಹೋಗುವುದು ಸಹಜ, ಇಲ್ಲಿ ಬಲಗಡೆ ಓಡಿಸುತ್ತಾರಲ್ಲ. ಪವಿ ಬಟ್ಟೆ ಒಗೆಯುತ್ತಿದ್ದಾಳೆ, ನಮಸ್ಕಾರ ತಿಳಿಸಿದ್ದಾಳೆ.

ಬೆಟ್ಟಕ್ಕೆ ಮುಂಚೆ ಬ್ರೇಕು ತೋರಿಸೋಣ ಎಂದು ಇಲ್ಲಿಯ ಒಬ್ಬ ಮೆಕ್ಯಾನಿಕ್ ಹತ್ತಿರ ಬಿಟ್ಟಿದ್ದೇನೆ. ಬ್ರಾಹಿಂ ಎಂದು ಹೆಸರು. ಇಪ್ಪತ್ನಾಲ್ಕಕ್ಕೆ ಹತ್ತುತ್ತೇವೆ.

ಸಿದ್ದು


ಫೊಯರ್‌ಬಾಕ್
22 ಫೆಬ್ರುವರಿ 2025

ಸಿದ್ದಲಿಂಗೇಶ,

ಇಪ್ಪತ್ನಾಲ್ಕಕ್ಕೆ ಹತ್ತಬೇಡ. ಇಪ್ಪತ್ತಾರಕ್ಕೆ ಶಿವರಾತ್ರಿ, ಇಪ್ಪತ್ತೇಳಕ್ಕೆ ಅಮಾವಾಸ್ಯೆ. ಅಮಾವಾಸ್ಯೆಯ ಪೂಜೆ ಆಗದೆ ನಮ್ಮ ಗಾಡಿ ಯಾವತ್ತೂ ಘಾಟ್ ಹತ್ತಿಲ್ಲ. ಇದನ್ನು ನಾನು ನಿನಗೆ ಕಲಿಸಬೇಕಾಗಿಲ್ಲ.

ಇನ್ನೊಂದು ವಿಷಯ. ನಿನ್ನ ಕಂಪನಿಯಲ್ಲಿದ್ದ ಅನೂಪ್‌ಗೆ ಮರುಭೂಮಿ ನೋಡುವ ಆಸೆಯಂತೆ. ಮಾರ್ಚ್ ಒಂದಕ್ಕೆ ಅಲ್ಲಿಗೆ ಬರುತ್ತಾನೆ. ದೊಡ್ಡ ಗಾಡಿಯ ಲೈಸೆನ್ಸ್ ಇರುವ ಹುಡುಗ. ಬೆಟ್ಟದಲ್ಲಿ ಅವನ ಕೈಗೂ ಸ್ವಲ್ಪ ಕೊಡು. ಅವನು ಬರುವವರೆಗೆ ತಾಟಾದಲ್ಲೇ ಇರು. ಇದು ನನ್ನ ಮಾತು.

ಅವ್ವ


ತಾಟಾ
27 ಫೆಬ್ರುವರಿ 2025

ಅವ್ವ,

ನಿನ್ನ ಅಮಾವಾಸ್ಯೆ ಆಯಿತು! ಎಂಥ ಪೂಜೆ ಅಂತೀ. ತೆಂಗಿನಕಾಯಿ ಸಿಗಲಿಲ್ಲ, ಕಲ್ಲಂಗಡಿ ಒಡೆದೆವು. ನಿಂಬೆಹಣ್ಣು ಸಂತೆಯಲ್ಲಿ ಬೇಕಾದಷ್ಟಿತ್ತು. ಚಕ್ರಗಳಿಗೆ ವಿಭೂತಿ ಬಳಿದದ್ದು ನೋಡಿ ಬ್ರಾಹಿಂ ತಾನೂ ಎರಡು ಚಕ್ರಕ್ಕೆ ಬಳಿದ, ತನ್ನ ಗರಾಜಿನ ಬಾಗಿಲಿಗೂ ಒಂದು ಗೆರೆ ಎಳೆದುಕೊಂಡ. ಬಂಗಾರದಂಥ ಮನುಷ್ಯ. ನಾಲ್ಕೂ ಚಕ್ರ ಬಿಚ್ಚಿ ಒಂದೊಂದು ತುಂಡನ್ನೂ ಒರೆಸಿ ತೋರಿಸಿದ: ಬ್ರೇಕು ಹೊಸದರ ಹಾಗಿದೆ, ಇನ್ನೂ ಎರಡು ವರ್ಷ ಮುಟ್ಟುವುದೇ ಬೇಡ. ಇಳಿಜಾರಿನಲ್ಲಿ ನನ್ನ ಜೊತೆ ಕೂತು ಪರೀಕ್ಷೆ ಮಾಡಿದ. ದುಡ್ಡು ಕೊಡಲು ಹೋದರೆ ಚಹಾ ಕುಡಿಸಿ ಕಳಿಸಿದ.

ಅನೂಪನಿಗೆ ನೇರ ಅಗಾದಿರಿಗೇ ಬರಲು ಹೇಳಿದ್ದೇನೆ. ಅವನಿಗಾಗಿ ಇಲ್ಲಿ ಕಾದು ಏನು ಮಾಡಲಿ? ಪೂಜೆ ಆಗಲಿ ಎಂದೆ, ಆಯಿತು. ನಾಳೆ ಬೆಳಿಗ್ಗೆ ಹೊರಡುತ್ತೇವೆ. ಬೆಟ್ಟದ ಮೇಲೆ ಬಾದಾಮಿ ಹೂ ಬಿಟ್ಟಿದೆಯಂತೆ.

ಬಂಡೆ ಬಲಕ್ಕೆ. ನೆನಪಿದೆ.

ಸಿದ್ದು


ಅಗಾದಿರ್
9 ಮಾರ್ಚ್ 2025

ಅವ್ವ,

ಒಂಬತ್ತು ದಿನ ಬರೆಯಲು ಆಗಲಿಲ್ಲ. ಪವಿ ಅನೂಪನ ಜೊತೆ ಮನೆ ಮುಟ್ಟಿದಳೆಂದು ಸಂಜನಾ ತಿಳಿಸಿದಳು. ಪವಿಯ ತೋಳಿನ ಪ್ಲಾಸ್ಟರ್ ಆರು ವಾರ ಇರಬೇಕಂತೆ. ನನಗೆ ಪೆಟ್ಟಾಗಿಲ್ಲ. ಪಾಸ್‌ಪೋರ್ಟ್ ಪೊಲೀಸರ ಹತ್ತಿರ ಇದೆ, ಊರು ಬಿಡುವಂತಿಲ್ಲ.

ಇಳಿಯುವಾಗ ಆಯಿತು, ಕೊನೆಯ ತಿರುವುಗಳಲ್ಲಿ. ಒಬ್ಬ ಮನುಷ್ಯ ಬೆನ್ನ ಮೇಲೆ ಹುಲ್ಲಿನ ಹೊರೆ ಹೊತ್ತು ಬಂಡೆಯ ಪಕ್ಕದಲ್ಲಿ ನಡೆದು ಹೋಗುತ್ತಿದ್ದ. ಅವನಿಗೆ ಸರಿಯಲು ಜಾಗ ಇರಲಿಲ್ಲ ಅವ್ವ. ಕಣಿವೆ ಇದ್ದಿದ್ದರೆ ನಾನು ಬೀಳುತ್ತಿದ್ದೆ. ಗೋಡೆ ಇತ್ತು, ಅವನು ಉಳಿಯಲಿಲ್ಲ.

ಬ್ರೇಕ್ ಫೇಲಾಯಿತು. ಪೊಲೀಸರಿಗೆ ಹಾಗೆ ಹೇಳಿದ್ದೇನೆ. ಗಾಡಿಯ ಮುಂಭಾಗ ಬಂಡೆಗೆ ಒತ್ತಿ ಜಜ್ಜಿಹೋಗಿದೆ, ಬ್ರೇಕಿನ ಪೈಪು ಹರಿದಿದೆ. ಮೊದಲೇ ಹರಿದದ್ದೋ ಆಮೇಲೋ ಎಂದು ಯಾರೂ ಹೇಳಲಾರರು. ಬ್ರಾಹಿಂನನ್ನು ಕರೆದುಕೊಂಡು ಹೋಗಿದ್ದಾರೆ. ಎರಡು ದಿನ ಮುಂಚೆ ಚಕ್ರ ಬಿಚ್ಚಿದವನು ಅವನೇ ತಾನೆ. ಅವನಿಗೆ ಹೆಚ್ಚು ಶಿಕ್ಷೆ ಆಗುವುದಿಲ್ಲ ಎಂದು ವಕೀಲ ಹೇಳುತ್ತಾನೆ.

ಗಾಡಿ ನಿನ್ನ ಹೆಸರಿನಲ್ಲಿದೆ. ವಿಮೆಯವರೂ ಇಲ್ಲಿಯ ವಕೀಲನೂ ನಿನ್ನ ಹೇಳಿಕೆ ಕೇಳುತ್ತಾರೆ. ನೀನು ಇಷ್ಟು ಬರೆದು ಕಳಿಸಿದರೆ ಸಾಕು: ಮನೆಯಲ್ಲಿದ್ದಾಗಲೇ ಬ್ರೇಕು ಕೆಲವು ಸಲ ಹಿಡಿಯುತ್ತಿರಲಿಲ್ಲ, ಅದಕ್ಕೇ ತಾಟಾದಲ್ಲಿ ಬಿಚ್ಚಿಸಿದ್ದು. ನೀನು ಅಪ್ಪನ ಕೇಸು ನಿಭಾಯಿಸಿದವಳು. ನಿನಗೆ ಗೊತ್ತು.

ಅವ್ವ, ನನಗೆ ಐವತ್ಮೂರು ವರ್ಷ. ಇಲ್ಲಿಯ ಜೈಲು ನನ್ನಿಂದ ಆಗದು.

ನಿನ್ನ ಸಿದ್ದು


ಫೊಯರ್‌ಬಾಕ್
21 ಮಾರ್ಚ್ 2025

ಸಿದ್ದು,

ಈ ಕಾಗದವನ್ನು ಫೋಟೊ ತೆಗೆಯುವ ಮುಂಚೆ ಸಂಜನಾಗೆ ಓದಿ ಹೇಳಿದ್ದೇನೆ. ನಮ್ಮಲ್ಲೇ ಉಳಿಯುವ ಮಾತು ಇನ್ನು ಬೇಡ.

ಲಕೋಟೆಯನ್ನು ನಾನು ಫೆಬ್ರುವರಿ ಹದಿನೈದನೆಯ ತಾರೀಕೇ ತೆರೆದಿದ್ದೆ. ತೆರೆಯಲೇ ಎಂದು ನಿನಗೆ ಬರೆಯುವಾಗ ಅದು ನನ್ನ ಮುಂದೆ ಬಿಚ್ಚಿಕೊಂಡು ಬಿದ್ದಿತ್ತು. ನೀನೇ ಹೇಳುತ್ತೀಯೋ ನೋಡೋಣ ಎಂದು ಕೇಳಿದೆ. ಸಂಜನಾ ಓದಿ ಹೇಳಿದಳು: ದೊಡ್ಡ ಗಾಡಿ ಓಡಿಸುವ ನಿನ್ನ ಲೈಸೆನ್ಸ್ ಡಿಸೆಂಬರಿಗೇ ಮುಗಿದಿದೆ, ಕಣ್ಣಿನ ಡಾಕ್ಟರ ವರದಿ ನೋಡಿ ಮತ್ತೆ ಕೊಡುವುದಿಲ್ಲ ಎಂದಿದ್ದಾರೆ. ವರದಿಯ ಪ್ರತಿಯೂ ಜೊತೆಗಿತ್ತು. ಒತ್ತಡ ಏರಿ ನರ ಸಾಯುವ ರೋಗ. ಬಲಗಣ್ಣಿನ ಹೊರಗಡೆಯದೆಲ್ಲ ಹೋಗಿದೆ. ನೇರ ನೋಡಿದರೆ ಕಾಣುತ್ತದೆ, ಪಕ್ಕದಲ್ಲಿರುವುದು ಕಾಣುವುದಿಲ್ಲ.

ಸಂಜನಾ ಕೂಡಲೇ ಫೋನ್ ಎತ್ತಿಕೊಂಡಳು. "ಪಾಪಾಗ ಈಗ ಹೇಳ್ತೀನಿ ಆಯಿ, ಮಮ್ಮಿಗೂ ಹೇಳ್ತೀನಿ" ಎಂದಳು. ನಾನು ಅವಳ ಕೈಯಿಂದ ಫೋನ್ ಕಿತ್ತುಕೊಂಡೆ. "ದೊಡ್ಡವರ ಮಾತು ದೊಡ್ಡವರು ಆಡತೀವಿ. ನಾ ಬರೀತೀನಿ" ಎಂದೆ. ಬರೆದದ್ದು ಏನು? ಅಮಾವಾಸ್ಯೆ.

ನಿನ್ನ ಕಣ್ಣು ಹೋಗಿದೆ, ಗಾಡಿ ನಿಲ್ಲಿಸು ಎಂದು ಐದು ಪದ ಬರೆದಿದ್ದರೆ ಸಾಕಿತ್ತು. ಬರೆದರೆ, ಅದು ನಿನಗೆ ಎಲ್ಲಿಂದ ಬಂತು ಎಂಬುದನ್ನೂ ಬರೆಯಬೇಕಾಗುತ್ತಿತ್ತು. ಮೂವತ್ತೇಳು ವರ್ಷ ಹಲ್ಲು ಕಚ್ಚಿ ಹಿಡಿದದ್ದನ್ನು ಒಂದು ಹಾಳೆಯ ಮೇಲೆ ಬಿಡಲು ಕೈ ಬರಲಿಲ್ಲ. ಪೂಜೆಯ ನೆಪದಲ್ಲಿ ನಿನ್ನನ್ನು ಕಟ್ಟಿಹಾಕಬಹುದು ಎಂದುಕೊಂಡೆ. ಪೂಜೆ ಆದ ಮೇಲೆ ಗಾಡಿ ಬಿಡುವುದೇ ನಮ್ಮ ಪದ್ಧತಿ. ಅದನ್ನು ನಿನಗೆ ಕಲಿಸಿದವಳೂ ನಾನೇ. ಅನೂಪ್ ಬರುವುದು ಮಾರ್ಚ್ ಒಂದಕ್ಕೆ. ನೀನು ಹತ್ತಿದ್ದು ಫೆಬ್ರುವರಿ ಇಪ್ಪತ್ತೆಂಟಕ್ಕೆ.

ಈಗ ನಿನ್ನ ಅಪ್ಪನ ವಿಷಯ.

ಅವರ ಕೊನೆಯ ವರ್ಷ ಲಾರಿಯ ಎಡಗಡೆಯ ಕನ್ನಡಿ ನಾಲ್ಕು ಸಲ ಹೋಯಿತು. ಅಲ್ಲಿ ಎಡಗಡೆ ಓಡಿಸುತ್ತಾರೆ. ಲಾರಿಯ ಆ ಕಡೆಯ ಹಲಗೆಯ ಮೇಲೆಲ್ಲ ಗೀರು. ಹುಬ್ಬಳ್ಳಿಯ ದೊಡ್ಡಾಸ್ಪತ್ರೆಯ ಕಣ್ಣಿನ ಡಾಕ್ಟರು ನನ್ನನ್ನೂ ಅವರನ್ನೂ ಕೂರಿಸಿ ಹೇಳಿದ್ದರು: ಲಾರಿ ಬಿಡಿ, ಇದು ಮನೆತನದಲ್ಲಿ ಬರುವ ರೋಗ, ಮಗನಿಗೂ ಆಗಾಗ ತೋರಿಸುತ್ತಿರಿ. ಹೊರಗೆ ಬಂದು ನಾನೇ ಅಂದೆ, ಯಾರಿಗೂ ಹೇಳುವುದು ಬೇಡ. ಕುರುಡನ ಲಾರಿಗೆ ಯಾರು ಮಾಲು ಹೇರುತ್ತಾರೆ? ಕ್ಲೀನರ್‌ನನ್ನು ಬಿಡಿಸಿದೆವು, ಅವನಿಗೆ ತಿಳಿಯಬಾರದೆಂದು. ಅವನ ಜಾಗದಲ್ಲಿ ನಾನು ಕೂತೆ. ಮಾಲಿನ ಮೇಲೆ ಕಣ್ಣಿಡಲು ಹೋಗುತ್ತಾಳೆ, ಬಲು ಗಟ್ಟಿ ಹೆಂಗಸು ಎಂದು ಊರು ಹೊಗಳಿತು. ನಾನು ಬಾಗಿಲು ಬಡಿಯುತ್ತಿದ್ದೆ. ಒಂದು ಬಡಿತ, ಎರಡು ಬಡಿತ. ನೆಟ್ಟಗಿನ ರಸ್ತೆಯಲ್ಲೂ ಬಡಿಯುತ್ತಿದ್ದೆ. ನನ್ನ ಕೈಯಲ್ಲೂ ಬೊಬ್ಬೆ ಬಂದಿದ್ದವು. ಪವಿ ಬಟ್ಟೆ ಸುತ್ತಿಕೊಂಡಳು ಎಂದು ನೀನು ತಮಾಷೆ ಬರೆದ ದಿನ ನನಗೆ ಎಲ್ಲ ತಿಳಿಯಿತು. ಲಕೋಟೆ ಬಂದದ್ದು ಆಮೇಲೆ.

ಘಾಟಿನಲ್ಲಿ ಅವರು ಹೋದ ದಿನ ನನಗೆ ಜ್ವರ. ಅವರು ಒಬ್ಬರೇ ಹೆಂಚಿನ ಲೋಡು ತರಲು ಅಂಕೋಲೆಗೆ ಹೊರಟರು. ತಡೆಯಲಿಲ್ಲ.

ಪೊಲೀಸರು ಬಂದಾಗ ನಾನು ಹೇಳಿದ್ದು: ಬ್ರೇಕ್ ಫೇಲಾಯಿತು, ಎರಡು ದಿನ ಮುಂಚೆ ಬಾಳಪ್ಪ ಚಕ್ರ ಬಿಚ್ಚಿದ್ದ. ಬಾಳಪ್ಪ ನಮ್ಮ ಫಿಟ್ಟರ್. ಬಿಚ್ಚಿದ್ದು ನಿಜ, ಸರಿಯಾಗಿ ಜೋಡಿಸಿದ್ದೂ ನಿಜ. ನೀನು ಆಗ ಹದಿನೇಳರ ಹುಡುಗ, ಬಾಗಿಲಿಗೆ ಒರಗಿ ನಿಂತು ಕೇಳಿದೆ. ಮೊನ್ನೆ ನೀನು ಬ್ರಾಹಿಂನ ಬಗ್ಗೆ ಬರೆದ ಸಾಲಿನಲ್ಲಿ ಹೆಸರು ಮಾತ್ರ ಬೇರೆ.

ಬಾಳಪ್ಪ ಹನ್ನೊಂದು ತಿಂಗಳು ಒಳಗಿದ್ದ. ಹೊರಗೆ ಬಂದ ಮೇಲೆ ಹುಬ್ಬಳ್ಳಿಯ ಯಾವ ಗರಾಜಿನವರೂ ಅವನ ಕೈಗೆ ಪಾನಾ ಕೊಡಲಿಲ್ಲ. ಅವನ ಹೆಂಡತಿ ನಮ್ಮ ಅಂಗಳಕ್ಕೆ ಬಂದು, "ಅಕ್ಕಾರ, ನೀವ್ ಒಂದ್ ಮಾತ್ ಹೇಳ್ರಿ, ನಿಮ್ಮ ಮಾತ್ ಕೇಳ್ತಾರ" ಎಂದಳು. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಲಾರಿ ಸ್ಟ್ಯಾಂಡಿನ ಹೊರಗೆ ಪಂಕ್ಚರ್ ಹಾಕುತ್ತಲೇ ಅವನು ಸತ್ತ. ನನ್ನ ಲಾರಿಗಳು ದಿನಾ ಅವನ ಮುಂದೆಯೇ ಹೋಗುತ್ತಿದ್ದವು.

ಪವಿ ಬಂದ ದಿನ ನಾನು ಏನೂ ಕೇಳಲಿಲ್ಲ. ಮೂರನೆಯ ದಿನ ತಾನಾಗಿ ಹೇಳಿದಳು. "ಅತ್ತಿ, ನಾ ಎರಡು ಸಲ ಬಡದೆ. ಅವರಿಗೆ ಕೇಳಿಸ್ತು, ಬ್ರೇಕೂ ಹಾಕಿದ್ರು. ಗಾಡಿ ನಿಂತಿತು ಅತ್ತಿ. ಆದ್ರ ಆ ಮನಿಷ್ಯಾ ಇರೋ ಕಡೇನ ತಿರುವಿ ನಿಲ್ಲಿಸಿದ್ರು. ಕಂಡಿರಲಿಲ್ಲ ಅವರಿಗೆ." ಅಷ್ಟು ಹೇಳಿ ಎಡಗೈಯಿಂದ ತಾನೇ ಚಹಾ ಮಾಡಿಕೊಂಡು ಕುಡಿದಳು. ಅವಳಿಗೆ ನಿನ್ನ ಕಣ್ಣಿನ ವಿಷಯ ನವೆಂಬರಿನಿಂದ ಗೊತ್ತಿತ್ತಂತೆ. ಅತ್ತೆಗೆ ಹೇಳಬೇಡ ಎಂದು ನೀನು ಆಣೆ ಹಾಕಿಸಿದ್ದೆಯಂತೆ. ತಲೆ ಸುತ್ತುತ್ತದೆ ಎಂದು ನಾನು ಅವಳನ್ನು ಹಂಗಿಸಿದೆ. ಅದಕ್ಕೆ ಅವಳ ಕ್ಷಮೆ ಕೇಳಿದ್ದೇನೆ.

ಗಾಡಿ ನಿಂತಿತು. ಬ್ರೇಕು ಹಿಡಿಯಿತು. ಬ್ರಾಹಿಂ ತನ್ನ ಕೆಲಸ ಸರಿಯಾಗಿ ಮಾಡಿದ್ದ.

ಬಲಗಡೆ ಬಂಡೆಯಿರುವ ದಾರಿಯನ್ನು ಆರಿಸಿಕೊಟ್ಟವಳು ನಾನು. ಎಂಟು ದಿನ ಕೂತು, ತಿರುವು ಎಣಿಸಿ, ಬಸ್ಸು ನೋಡಿ, ಹೆಮ್ಮೆಪಟ್ಟುಕೊಂಡು ಆರಿಸಿದೆ. ಗಾಡಿ ಬೀಳದಿರಲಿ ಎಂದು ಮಾತ್ರ ನೋಡಿದೆ. ರಸ್ತೆಯ ಅಂಚಿನಲ್ಲಿ ನಡೆಯುವವರು ಇರುತ್ತಾರೆ ಎಂದು ಒಂದು ಸಲವೂ ನೆನೆಯಲಿಲ್ಲ.

ಮೊನ್ನೆ ಸಂಜನಾಳನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಇಪ್ಪತ್ತೆರಡು ವರ್ಷದ ಹುಡುಗಿ. ಒತ್ತಡ ಈಗಲೇ ಹೆಚ್ಚಿದೆ. ನರಕ್ಕೆ ಇನ್ನೂ ಏನೂ ಆಗಿಲ್ಲ. ಬೆಳಿಗ್ಗೆ ಒಂದು ಹನಿ, ಸಂಜೆ ಒಂದು ಹನಿ ಹಾಕಿದರೆ ಜನ್ಮವಿಡೀ ಕಾಣುತ್ತದೆ ಎಂದರು. ನಿನಗೂ ಅಷ್ಟೇ ಸಾಕಿತ್ತು. ಟ್ರಾಮಿನಲ್ಲಿ ಬರುವಾಗ ಅವಳು, ಪಾಪಾಗೆ ಯಾಕೆ ಹೇಳಲಿಲ್ಲ ಎಂದು ಜರ್ಮನ್‌ನಲ್ಲಿ ಕೇಳಿದಳು. ನನಗೆ ಅರ್ಥವಾಗಲಿಲ್ಲ ಎಂಬಂತೆ ಕಿಟಕಿಯ ಹೊರಗೆ ನೋಡಿದೆ. ಇವತ್ತು ಈ ಕಾಗದ ಬರೆದು, ಅವಳಿಗೆ ಓದಿದೆ.

ನಿನ್ನ ಬೇಡಿಕೆಗೆ ಉತ್ತರ. ನಿನ್ನೆ ಸಂಜನಾ, ಪವಿ ಇಬ್ಬರ ಜೊತೆ ಇಲ್ಲಿಯ ವಕೀಲರ ಹತ್ತಿರ ಹೋದೆ. ಹಳದಿ ಲಕೋಟೆ ಕೊಟ್ಟೆ. ಕಣ್ಣಿನ ವರದಿ ಕೊಟ್ಟೆ. ಬ್ರೇಕು ಹೊಸದರ ಹಾಗಿದೆ, ಬ್ರಾಹಿಂ ಬಂಗಾರದಂಥ ಮನುಷ್ಯ ಎಂದು ನಿನ್ನ ಕೈಯಾರೆ ಬರೆದ ಇಪ್ಪತ್ತೇಳನೆಯ ತಾರೀಕಿನ ಪತ್ರ ಕೊಟ್ಟೆ. ನನ್ನ ಎಲ್ಲ ಪತ್ರಗಳನ್ನೂ ಕೊಟ್ಟೆ, ಅಮಾವಾಸ್ಯೆಯದನ್ನೂ. ಗೊತ್ತಿದ್ದೂ ತಡೆಯದ ಮಾಲೀಕಳ ಮೇಲೆ ಇಲ್ಲಿ ಕೇಸಾಗುತ್ತದೆ ಎಂದು ಅವರು ಎಚ್ಚರಿಸಿದರು. ಹಾಕಿ ಎಂದೆ. ಪವಿ ನನ್ನ ಪಕ್ಕದಲ್ಲಿ ಕೂತು, ಎಡಗೈಯಲ್ಲಿ ತನ್ನ ಹೇಳಿಕೆಗೆ ತಾನೇ ಸಹಿ ಮಾಡಿದಳು.

ಅದೆಲ್ಲ ನಿನ್ನೆ ಮಧ್ಯಾಹ್ನವೇ ಮೊರಾಕ್ಕೊದ ಪೊಲೀಸರಿಗೂ ಅಲ್ಲಿಯ ಜರ್ಮನ್ ಕಚೇರಿಗೂ ಹೋಗಿದೆ. ಬ್ರಾಹಿಂನ ಮನೆಯವರಿಗೂ ಒಂದು ಪ್ರತಿ, ಅವರ ಭಾಷೆಯಲ್ಲಿ ಬರೆಸಿ ಕಳಿಸಿದ್ದೇನೆ.

ಇನ್ನೊಂದು ಲಕೋಟೆಯನ್ನು ಇವತ್ತು ಬೆಳಿಗ್ಗೆ ರಿಜಿಸ್ಟರ್ ಮಾಡಿ ಹುಬ್ಬಳ್ಳಿಗೆ ಹಾಕಿದೆ, ಬಾಳಪ್ಪನ ಮಗಳ ಹೆಸರಿಗೆ. ಅದರಲ್ಲಿ ಕನ್ನಡದಲ್ಲಿ ಬರೆದದ್ದು ಒಂದೇ ಹಾಳೆ: ಬಾಳಪ್ಪ ಬ್ರೇಕನ್ನು ಸರಿಯಾಗಿಯೇ ಜೋಡಿಸಿದ್ದ, ಸುಳ್ಳು ಹೇಳಿದವಳು ನಾನು. ಕೆಳಗೆ ನನ್ನ ಪೂರ್ತಿ ಹೆಸರು ಹಾಕಿ ಸಹಿ ಮಾಡಿದ್ದೇನೆ.

ಅವ್ವ